ಚಾರ್ಜು ಪಟ್ಟಿ

ಗಂಗುಲಪ್ಪನವರು ನಿವೃತ್ತರಾದ ದಿನ
ಚಿಂತಾಮಣಿ ನಗರಸಭೆಯ ಉಗ್ರಾಣ ನನ್ನ ಪಾಲಿಗೆ ಬಂತು:
ಎರಡು ಬೀಗ, ಮೂರು ಬೀಗದ ಕೈ.
ಮೂರನೆಯದು ಯಾವುದಕ್ಕೆ ಸಾರ್?
'ಅದಕ್ಕೂ ಒಂದು ಬೀಗ ಇತ್ತಮ್ಮ,
ಯಾವ ಅನುದಾನದ್ದೋ.'

ಪಟ್ಟಿ ಹಿಡಿದು ಒಂದೊಂದನ್ನೇ ಮುಟ್ಟಬೇಕು.
ಮುಟ್ಟಿದರೆ ಸಾಲದು, ಬೆನ್ನು ತಿರುಗಿಸಿ
ಬಿಳಿ ಬಣ್ಣದಲ್ಲಿ ಬರೆದದ್ದನ್ನು ಓದಬೇಕು:
ಯಾವ ಹಣಕಾಸು ಆಯೋಗ, ಯಾವ ವರ್ಷ, ಎಷ್ಟನೇ ನಂಬರು.
ಹೆರಿಗೆ ಆಸ್ಪತ್ರೆಯಲ್ಲಿ ಕೂಸಿನ ಕಾಲಿಗೆ
ಚೀಟಿ ಕಟ್ಟುತ್ತಾರಲ್ಲ, ಹಾಗೆ.

ಸೊಳ್ಳೆಗೆ ಹೊಗೆ ಬಿಡುವ ಯಂತ್ರ ಎರಡು. ಇವೆ.
ತಳ್ಳುಗಾಡಿ ನಲವತ್ತು. ಮೂವತ್ತೇಳು ಇವೆ;
ಮಿಕ್ಕ ಮೂರರ ಚಕ್ರಗಳು
ಆ ಮೂವತ್ತೇಳರಲ್ಲಿ ಓಡಾಡಿಕೊಂಡಿವೆ.
ಗಮ್‌ಬೂಟು ಅರವತ್ತು ಜೊತೆ, ಎಲ್ಲವೂ ಹತ್ತನೇ ಸೈಜು.
ಮುನಿನಾಗಮ್ಮನ ಪಾದ ಐದು.
'ದಿಲ್ಲಿಯವರು ನಮ್ಮ ಕಾಲು ಎಲ್ಲಿ ನೋಡವ್ರೆ, ಬಿಡಿ'
ಎಂದು ಹವಾಯಿ ಚಪ್ಪಲಿಯಲ್ಲೇ ಗುಡಿಸಲು ನಡೆದಳು.
ಪುಸ್ತಕದಲ್ಲಿ ಬೂಟುಗಳು ಬಳಕೆಯಲ್ಲಿವೆ.

ಶೆಡ್ಡಿನ ಕೊನೆಗೆ, ತಗಡಿನ ನೆರಳಲ್ಲಿ
ಹೊಟ್ಟೆ ಬಿಟ್ಟುಕೊಂಡು ನಿಂತಿದೆ ಒಳಚರಂಡಿ ಹೀರುವ ಲಾರಿ.
ಹಳೇ ಪೇಟೆಯ ಗಲ್ಲಿ ಏಳಡಿ, ಲಾರಿ ಏಳೂವರೆ.
ಆ ಅರ್ಧ ಅಡಿಗೆ ಯಾವ ಯೋಜನೆಯಲ್ಲೂ ಅನುದಾನವಿಲ್ಲ.
ಮಾರುವಂತಿಲ್ಲ. ಬಾಡಿಗೆಗೆ ಬಿಡುವಂತಿಲ್ಲ.
ಪಕ್ಕದ ಊರಿಗೆ ಎರಡು ದಿನ ಕಳಿಸಬೇಕೆಂದರೂ
ಕಾಗದ ಜಿಲ್ಲೆಗೆ ಹೋಗಬೇಕು, ಅಲ್ಲಿಂದ ಬೆಂಗಳೂರಿಗೆ,
ಅಲ್ಲಿಂದ ಅದೆಲ್ಲಿಗೋ.

'ಊರಿಗೆ ಬಂದ ದುಡ್ಡು ಬೇರೆ, ಊರಿನ ದುಡ್ಡು ಬೇರೆ,'
ಗಂಗುಲಪ್ಪನವರು ಎಲೆಗೆ ಸುಣ್ಣ ಸವರುತ್ತಾ ಹೇಳಿದರು.
'ಬ್ಯಾಂಕಲ್ಲಿ ಮಲಗಿ ಬಡ್ಡಿ ಹುಟ್ಟಿದರೆ ಅದೂ ನಮ್ಮದಲ್ಲ.
ಕರು ಹಾಕಿದ್ದು ನಮ್ಮ ಕೊಟ್ಟಿಗೇಲಿ, ನಿಜ.
ಹಸು ಯಾರದು?'
ನನಗೆ ನನ್ನ ಚಿಕ್ಕಮ್ಮ ನೆನಪಾದಳು,
ಎರವಲು ಸರ ಹಾಕಿಕೊಂಡು ಮದುವೆಗೆ ಹೋದವಳು,
ಉಂಡೆದ್ದು ಬರುವವರೆಗೂ
ಕೈ ಕತ್ತಿನ ಮೇಲೆಯೇ.

ನೂರ ಹನ್ನೆರಡು: ವಿಷಾನಿಲ ಪತ್ತೆ ಉಪಕರಣ, ಒಂದು.
ಕಪಾಟಿನಲ್ಲಿ ಅದರ ಡಬ್ಬಿ ಇತ್ತು. ಅದು ಇರಲಿಲ್ಲ.
ಪುಸ್ತಕದಲ್ಲಿ ನೀಲಿ ಶಾಯಿಯ ಸಾಲು: 'ದಾಸ್ತಾನಿನಲ್ಲಿದೆ.'
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಇರುವೆಯಷ್ಟು ಸಣ್ಣಗೆ:
'ಓಬಳೇಶ.'

ಗಂಗುಲಪ್ಪನವರು ಕನ್ನಡಕ ತೆಗೆದು ಒರೆಸಿದರು.
ಆಮೇಲೆ ಇನ್ನೊಮ್ಮೆ ಒರೆಸಿದರು.
'ಗುಂಡಿ ಕಟ್ಟಿಕೊಳ್ಳೋದು ಬೆಳಗಿನ ಐದಕ್ಕಮ್ಮ.
ಉಗ್ರಾಣ ತೆಗೆಯೋದು ಹತ್ತಕ್ಕೆ.'

ಆ ಹಾಳೆ ಹಾಳೆಯಲ್ಲೂ ಆಮೇಲೆ ನಾನು ಹುಡುಕಿದ್ದು ಪೆನ್ಸಿಲನ್ನೇ.
ಶಾಯಿ ಬರೆದದ್ದು ಆಡಿಟ್ಟಿಗೆ.
ಟಾರ್ಚು: 'ಸ್ಮಶಾನದ ಕಾವಲಿಗೆ.'
ಜನರೇಟರು: 'ಹೆರಿಗೆ ವಾರ್ಡು, ಕರೆಂಟು ಹೋದ ರಾತ್ರಿ. ಬಂತು.'
ಹಗ್ಗ, ನೂರು ಅಡಿ: 'ತೊಂಬತ್ತು.'
ಹತ್ತು ಅಡಿ ಎಲ್ಲಿ ಎಂದು ನಾನು ಕೇಳಲಿಲ್ಲ.

ಸೋಮವಾರ ಆಡಿಟ್.
ಶನಿವಾರ ಓಬಳೇಶನನ್ನು ಕರೆಸಿದೆ.
ಬಂದ, ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟ,
ಹಳದಿ ಬಣ್ಣದ್ದು, ಸಾಬೂನು ಡಬ್ಬಿಯಷ್ಟಿದೆ.
ಮನೆಯಲ್ಲಿ ಮಗಳ ಮೊಬೈಲಿನ ಪಕ್ಕ ಚಾರ್ಜಿಗೆ ಹಾಕುತ್ತಾನಂತೆ.
ಮುಚ್ಚಳ ಸರಿಸಿ ಮೊದಲು ಇದನ್ನು ಇಳಿಬಿಡುವುದು,
ಕಿರುಚಿದರೆ ಯಾರೂ ಬಗ್ಗುವುದಿಲ್ಲ.
ಉಜ್ಜಿ ಉಜ್ಜಿ ನಂಬರು ಅಳಿಸಿಹೋಗಿತ್ತು.
ಇಡೀ ಉಗ್ರಾಣದಲ್ಲಿ ನಂಬರು ಸವೆದ ಸಾಮಾನು
ಇದೊಂದೇ.

ಪೆನ್ಸಿಲಿನ ಮೇಲೆಯೇ ಪೆನ್ನು ಎಳೆದೆ.
ಯಾರಿಗೆ, ಏತಕ್ಕೆ, ಯಾವ ಹೊತ್ತಿನ ಕೆಲಸಕ್ಕೆ.
'ಹಿಂತಿರುಗಿಸಿದ ದಿನಾಂಕ' ಎಂಬ ಕಲಮನ್ನು ಖಾಲಿ ಬಿಟ್ಟೆ.
ಬಿಳಿ ಬಣ್ಣದ ಡಬ್ಬಿ ತೆಗೆದು, ಬೆಂಕಿಕಡ್ಡಿ ಅದ್ದಿ,
ನೂರ ಹನ್ನೆರಡು ಬರೆದೆ. ಎರಡು ಸ್ವಲ್ಪ ಸೊಟ್ಟಗಾಯಿತು.

'ಒಣಗೋಕೆ ಎಷ್ಟೊತ್ತು ಮೇಡಂ?
ಟೊಮೆಟೊ ಮಂಡಿ ಹತ್ರ ಗುಂಡಿ ಉಕ್ತಾ ಇದೆ.'
ಅವನು ನಿಂತೇ ಇದ್ದ.
ನಾನು ಆ ನಂಬರಿನ ಮೇಲೆ
ಉಫ್ ಉಫ್ ಎಂದು ಊದುತ್ತಾ ಕೂತೆ.